ಹಾಸ್ಟೆಲ್‌ನಲ್ಲಿದ್ದ ಮಗಳಿಗೂ ಸೇರಿಸಿ ಮಾಡಿಸಿದ ಹೆಲ್ತ್ ಇನ್ಶೂರೆನ್ಸ್: ಐದು ವರ್ಷ ಪ್ರೀಮಿಯಂ ಕಟ್ಟಿದವರ ಅನುಭವ

ನಮ್ಮದು ಶಿರಸಿ ಹತ್ತಿರದ ಹಳ್ಳಿ. 2021ರ ಜೂನ್‌ನಲ್ಲಿ ಮನೆಯ ನಾಲ್ಕೂ ಜನರಿಗೆ ಸೇರಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲ ಒಂದೇ ಮೊತ್ತ ಹಂಚಿಕೊಳ್ಳುವ) ಪಾಲಿಸಿ ಮಾಡಿಸಿದೆವು. ಅದೇ ವರ್ಷದ ಕೊನೆಗೆ ಮಗಳು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದಳು. ಅವಳ ಹೆಸರು ಪಾಲಿಸಿಯಲ್ಲಿ ಇದೆಯಲ್ಲ, ಇನ್ನೇನು ಚಿಂತೆ ಎಂದು ನಾನು ಸುಮ್ನೆ ಇದ್ದುಬಿಟ್ಟೆ.

ಪಾಲಿಸಿ ಆರಿಸುವಾಗ ನಮ್ಮ ತಲೆಯಲ್ಲಿ ಇದ್ದದ್ದು ಹುಬ್ಬಳ್ಳಿ ಮತ್ತು ಮಣಿಪಾಲ. ಉತ್ತರ ಕನ್ನಡ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಎಂದರೆ ಘಟ್ಟ ಇಳಿಯಬೇಕು, ಇಲ್ಲವೇ ಹುಬ್ಬಳ್ಳಿ ದಾರಿ ಹಿಡಿಯಬೇಕು. ನಮಗೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಮರುವರ್ಷ, 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದರು, ನೆನಪಿದೆ ಅಲ್ವಾ? ಈ ದೂರದ ಚಿಂತೆಯಿಂದಲೇ ಪಾಲಿಸಿ ಆರಿಸುವಾಗ ಹುಬ್ಬಳ್ಳಿಯ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ) ಇದೆ ಎಂದು ಕೂತು ನೋಡಿದೆವು. ಬೆಂಗಳೂರಿನ ಪಟ್ಟಿಯನ್ನು ತೆರೆದೂ ನೋಡಲಿಲ್ಲ. ಅವಳು ಬೆಂಗಳೂರಿಗೆ ಹೋದ ಮೇಲೂ, ಮಗು ಇರುವುದು ಅಲ್ಲಿ, ಹುಷಾರು ತಪ್ಪುವುದೂ ಅಲ್ಲೇ ಎನ್ನುವುದು ಹೊಳೆಯಲೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಅವಳಿಗೆ ಡೆಂಗಿ ಬಂತು. ರಾತ್ರಿ ಹತ್ತೂವರೆಗೆ ಫೋನ್. "ಆಯಿ, ಅಡ್ಮಿಟ್ ಆಗು ಅಂತಿದಾರೆ, ಇನ್ಶೂರೆನ್ಸ್ ಕಾರ್ಡ್ ಕೇಳ್ತಿದಾರೆ, ಎಲ್ಲಿದೆ?" ಕಾರ್ಡ್ ಇದ್ದದ್ದು ನಮ್ಮ ಮನೆಯ ಗೋದ್ರೆಜ್ ಕಪಾಟಿನಲ್ಲಿ. ಫೋಟೋ ತೆಗೆದು ಕಳಿಸಲು ಹೋದರೆ ನೆಟ್‌ವರ್ಕ್ ಇಲ್ಲ. ಇವರು ಟಾರ್ಚ್ ಹಿಡಿದು ತೋಟದಾಚೆಯ ದಿಬ್ಬ ಹತ್ತಿ ಕಳಿಸಿ ಬಂದರು. ಮಾರನೇ ದಿನ ಬಸ್ಸು ಹತ್ತಿದ ನಾನು ಆಸ್ಪತ್ರೆ ಮುಟ್ಟುವವರೆಗೂ ಅವಳ ರೂಂಮೇಟ್ ಹುಡುಗಿಯೇ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವವರು) ಕೌಂಟರ್ ಮುಂದೆ ನಿಂತಿದ್ದಳು. ಆ ಮಗುವಿಗೆ ನಾನು ಇವತ್ತಿಗೂ ಋಣಿ.

ಕ್ಯಾಶ್‌ಲೆಸ್ ಸಿಕ್ಕಿತು. ಆದರೆ ಪೂರ್ತಿ ಅಲ್ಲ. ನಮ್ಮ ಪಾಲಿಸಿಯಲ್ಲಿ ರೂಂ ಬಾಡಿಗೆಗೆ ಮಿತಿ ಇತ್ತು: ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ. ಆ ರಾತ್ರಿ ಖಾಲಿ ಇದ್ದದ್ದು 8,000ದ ರೂಂ. ಹೆಚ್ಚಿನ 3,000 ನಾವು ಕೊಟ್ಟರಾಯ್ತು ಎಂದುಕೊಂಡೆ. ಲೆಕ್ಕ ಹಾಗಲ್ಲ. ಮಿತಿ ಮೀರಿದ ರೂಂ ಹಿಡಿದರೆ ಡಾಕ್ಟರ್ ವಿಸಿಟ್, ನರ್ಸಿಂಗ್ ಚಾರ್ಜಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ. ಎಂಟರಲ್ಲಿ ಐದು ಭಾಗ ಮಾತ್ರ ಸಿಗುತ್ತದೆ. ನಾಲ್ಕು ದಿನದ ಬಿಲ್ 74,000. ರೂಮಿನ 32,000ದಲ್ಲಿ ಬಂದದ್ದು 20,000. ಡಾಕ್ಟರ್ ಮತ್ತು ನರ್ಸಿಂಗ್‌ನ 16,000ದಲ್ಲಿ 10,000. ರಕ್ತ ಪರೀಕ್ಷೆಯ 14,000, ಔಷಧಿಯ 9,000 ಪೂರ್ತಿ ಬಂತು. ಇವಕ್ಕೆ ಆ ಕತ್ತರಿ ತಾಗುವುದಿಲ್ಲ. ಗ್ಲೌಸ್, ಮಾಸ್ಕ್ ಎಂದು ಹಾಕಿದ 3,000ಕ್ಕೆ ಏನೂ ಇಲ್ಲ. ಒಟ್ಟು 21,000 ಕೈಯಿಂದ ಹೋಯಿತು. ಡಿಸ್ಚಾರ್ಜ್ ದಿನ ಒಪ್ಪಿಗೆಗಾಗಿ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಕಾದೆವು. ಆಮೇಲೆ 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಬದಲಿಸಿದೆ: ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು.

ಕಾಲೇಜಿನವರು ಫೀಸಿನ ಜೊತೆ ಹಣ ಹಿಡಿದು ಮಾಡಿಸಿದ್ದ ಇನ್ಶೂರೆನ್ಸ್ ಏನಾಯ್ತು ಎಂದು ಕೇಳಬಹುದು. ಅದು ಅಪಘಾತಕ್ಕೆ ಮಾತ್ರ. ಜ್ವರಕ್ಕೆ ಇಲ್ಲ. ನಮ್ಮ ಕಡೆ ಸಹಕಾರಿ ಸೊಸೈಟಿ ಮೂಲಕ ರಾಜ್ಯ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದವರು ಜಾಸ್ತಿ. ನಾವೂ ಮಾಡಿಸಿದ್ದೇವೆ, ಬಿಡುವುದೂ ಇಲ್ಲ. ಆದರೆ ಅದರಲ್ಲಿ ಸಿಗುವುದು ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ. ಅದೊಂದನ್ನೇ ನಂಬಿ ಮಕ್ಕಳನ್ನು ದೂರ ಕಳಿಸಬೇಡಿ.

2024ರಲ್ಲಿ ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದೆವು, ಅಂದರೆ ವರ್ಗಾಯಿಸಿದೆವು. ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಹಾಕಬೇಕಿತ್ತು, ನಾವು ಏಪ್ರಿಲ್‌ನಲ್ಲೇ ಹಾಕಿದೆವು. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಅವಧಿಗೆ, ಅಂದರೆ ವೇಟಿಂಗ್ ಪೀರಿಯಡ್‌ಗೆ, ಹಳೆಯ ಪಾಲಿಸಿಯ ಮೂರು ವರ್ಷ ಲೆಕ್ಕಕ್ಕೆ ಬಂತು. ಇವರಿಗೆ ಬಿಪಿ ಇರುವುದರಿಂದ ಅದು ಮುಖ್ಯವಾಗಿತ್ತು. ಈಗಿನದು 10 ಲಕ್ಷ, ರೂಂ ಬಾಡಿಗೆಗೆ ಮಿತಿ ಇಲ್ಲ. ಕೆಲವು ಪಾಲಿಸಿಗಳಲ್ಲಿ ಊರಿನ ಪಿನ್‌ಕೋಡ್ ನೋಡಿ ಪ್ರೀಮಿಯಂ ಕಡಿಮೆ ಮಾಡುತ್ತಾರೆ, ಆಮೇಲೆ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಾವೇ ಕಟ್ಟಬೇಕು. ಈ ಸಲ ಅದನ್ನು ಏಜೆಂಟ್ ಹತ್ತಿರ ಬಾಯಲ್ಲಿ ಕೇಳಿ ಬಿಡಲಿಲ್ಲ, ಇಮೇಲ್‌ನಲ್ಲಿ ಬರೆಸಿಕೊಂಡೆ. ಪ್ರೀಮಿಯಂ ಜಾಸ್ತಿಯೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಶೇ 18ರ ಜಿಎಸ್‌ಟಿ ತೆಗೆದಿದ್ದಾರೆ, ಮುಂದಿನ ಕಂತಿನಲ್ಲಿ ಅದು ಸ್ವಲ್ಪ ಹಗುರ ಮಾಡುತ್ತದೆ.

ಕೊರತೆ ಇಲ್ಲವೆಂದಲ್ಲ. ಹಾಸ್ಟೆಲ್ ಮಕ್ಕಳಿಗೆ ಪದೇ ಪದೇ ಬರುವ ಖರ್ಚು ಹಲ್ಲುನೋವು, ಚರ್ಮದ ಅಲರ್ಜಿ, ಕನ್ನಡಕ. ಇದ್ಯಾವುದೂ ಸಿಗುವುದಿಲ್ಲ. ಮೂರನೇ ವರ್ಷ ಮಗಳು ತುಂಬಾ ಕುಗ್ಗಿದ್ದಳು, ಕೌನ್ಸೆಲಿಂಗ್‌ಗೆ ಹೋದಳು. ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಕಾಯ್ದೆಯಲ್ಲಿದೆ. ಆದರೆ ನಮ್ಮ ಪಾಲಿಸಿ ಅಡ್ಮಿಟ್ ಆದರೆ ಮಾತ್ರ. ವಾರ ವಾರ ಹೋಗಿ ಬರುವ ಫೀಸು ನಾವೇ ಕೊಟ್ಟೆವು. ಕೊಟ್ಟದ್ದಕ್ಕೆ ಬೇಸರವಿಲ್ಲ, ಅವಳು ಚೇತರಿಸಿಕೊಂಡಳು. ಆದರೆ ಎಷ್ಟೋ ಮನೆಯಲ್ಲಿ ಆ ಫೀಸಿಗೆ ಹೆದರಿಯೇ ಮಕ್ಕಳು ಹೇಳದೆ ಇರುತ್ತಾರೆ.

ಹಳೆಯ ಪಾಲಿಸಿಗೆ ಐದಕ್ಕೆ ಎರಡು, ಈಗಿನದಕ್ಕೆ ನಾಲ್ಕು ಕೊಡುತ್ತೇನೆ. ಮಗಳಿಗೆ ಕೆಲಸ ಸಿಕ್ಕಿದೆ. ಸಂಪಾದನೆ ಶುರುವಾದ ಮೇಲೆ ಅವಳು ನಮ್ಮ ಅವಲಂಬಿತಳಲ್ಲ, ಈ ಜೂನ್‌ನಲ್ಲಿ ಅವಳ ಹೆಸರಿಗೇ ಪ್ರತ್ಯೇಕ ಪಾಲಿಸಿಯಾಗಿ ಬದಲಿಸಿಕೊಳ್ಳುತ್ತಿದ್ದೇವೆ. ಆಫೀಸಿನವರು ಕೊಟ್ಟ ವಿಮೆ ಕೆಲಸ ಇರುವವರೆಗೆ ಮಾತ್ರ.

ಮಗ ಇನ್ನು ಮಂಗಳೂರಿಗೆ ಹೊರಟಿದ್ದಾನೆ. ಕಾರ್ಡ್ ಅವನ ಫೋನಿನಲ್ಲೂ ಇದೆ, ಪ್ರಿಂಟ್ ಆಧಾರ್ ಜೊತೆ ಪರ್ಸಿನಲ್ಲೂ ಇದೆ. ಹಾಸ್ಟೆಲ್‌ನಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಪಟ್ಟಿಯ ಎರಡು ಆಸ್ಪತ್ರೆ ಸಿಕ್ಕವು. ಎರಡಕ್ಕೂ ಫೋನ್ ಮಾಡಿದೆ. ಒಂದರಲ್ಲಿ, "ಆ ಕಂಪನಿ ಜೊತೆ ಒಪ್ಪಂದ ಮುಗಿದಿದೆ ಮೇಡಂ" ಎಂದರು. ಅದರ ಹೆಸರು ಹೊಡೆದು ಹಾಕಿ, ಇನ್ನೊಂದರ ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದ್ದೇನೆ.