ಸೋನಿ ಎಚ್‌ಡಿಆರ್-ಸಿಎಕ್ಸ್405: ದೂರ ಕೂತು ಹೊತ್ತುಗಟ್ಟಲೆ ರೆಕಾರ್ಡ್ ಮಾಡುವವರ ಹ್ಯಾಂಡಿಕ್ಯಾಮ್

ಜೇಬಿನ ಫೋನಿನಲ್ಲೇ ಫೋರ್‌ಕೆ ವಿಡಿಯೊ ಬರುವಾಗ ಬೇರೆ ಕ್ಯಾಮ್‌ಕಾರ್ಡರ್ ಯಾಕೆ? ಸಿಎಕ್ಸ್405 ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ವೇದಿಕೆಯಿಂದ ಅಥವಾ ಮೈದಾನದಿಂದ ದೂರ ಕೂತು, ಒಂದೇ ಸಮನೆ ಎರಡು ಗಂಟೆ ರೆಕಾರ್ಡ್ ಮಾಡುವ ಕೆಲಸ ನಿಮ್ಮದಾದರೆ ಇದು ಬೇಕು. ಅಷ್ಟು ದೂರವೂ ಇಲ್ಲ, ಅಷ್ಟು ಹೊತ್ತೂ ಇಲ್ಲ ಅಂದರೆ ಫೋನೇ ವಾಸಿ. 2015ರಲ್ಲಿ ಬಂದ ಮಾದರಿ ಇದು. ಇದರಲ್ಲಿ ಸಿಗುವುದು ಫುಲ್ ಎಚ್‌ಡಿ ಮಾತ್ರ, ವೈಫೈ ಇಲ್ಲ, ಟಚ್ ಪರದೆಯೂ ಇಲ್ಲ.

ಈ ಕ್ಯಾಮೆರಾದ ಬಂಡವಾಳವೆಲ್ಲ ಲೆನ್ಸ್‌ನಲ್ಲಿದೆ. 30 ಪಟ್ಟು ಆಪ್ಟಿಕಲ್ ಝೂಮ್; 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆನ್ಸ್ ಲೆಕ್ಕದಲ್ಲಿ ಹೇಳುವುದಾದರೆ 26.8ರಿಂದ 804 ಮಿ.ಮೀ. (ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಮೂವತ್ತು ಮೀಟರ್ ದೂರದಲ್ಲಿ ಕೂತು ವೈಡ್‌ನಲ್ಲಿಟ್ಟರೆ (ಅಂದರೆ ಝೂಮ್ ಮಾಡದೆ ಅತಿ ಅಗಲದ ನೋಟದಲ್ಲಿ) ಚೌಕಟ್ಟಿನೊಳಗೆ ಸುಮಾರು 42 ಮೀಟರ್ ಅಗಲದ ಜಾಗ ಹಿಡಿಸುತ್ತದೆ. ಪೂರ್ತಿ ಝೂಮ್ ಮಾಡಿದರೆ ಅದೇ ಚೌಕಟ್ಟಿನಲ್ಲಿ ಬರೀ 1.4 ಮೀಟರ್. ಇಡೀ ವೇದಿಕೆಯಿಂದ ಒಬ್ಬರ ಮುಖ, ಭುಜದ ತನಕ ಕೂತಲ್ಲಿಂದಲೇ ಹೋಗಿ ಬರಬಹುದು. ಲಿವರ್ ಮೆಲ್ಲಗೆ ತಳ್ಳಿದರೆ ಝೂಮ್ ನಿಧಾನ, ಜೋರಾಗಿ ತಳ್ಳಿದರೆ ವೇಗ. ಫೋನಿನ ಗಾಜಿನ ಮೇಲೆ ಎರಡು ಬೆರಳು ಹರಡಿ ಮಾಡುವ ಝೂಮ್‌ಗೂ ಇದಕ್ಕೂ ಇರುವ ಅಂತರ ಒಮ್ಮೆ ಬಳಸಿದ ಮೇಲೆ ಮರೆಯುವುದಿಲ್ಲ. 30 ಪಟ್ಟಿನ ಆಚೆ 60 ಪಟ್ಟಿನವರೆಗೆ 'ಕ್ಲಿಯರ್ ಇಮೇಜ್ ಝೂಮ್' ಅಂತ ಒಂದಿದೆ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಸಾಫ್ಟ್‌ವೇರ್ ಕೆಲಸ. ಒಳ್ಳೆಯ ಬಿಸಿಲಿನಲ್ಲಿ ನಡೆದೀತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 350 ಪಟ್ಟಿನ ಡಿಜಿಟಲ್ ಝೂಮ್ ಇದ್ದೂ ಇಲ್ಲದ ಹಾಗೆ. ಮೆನುವಿನಲ್ಲಿ ಅದನ್ನು ಮೊದಲ ದಿನವೇ ಆಫ್ ಮಾಡಿ.

ಇಷ್ಟು ಉದ್ದದ ಝೂಮ್ 215 ಗ್ರಾಂ ತೂಕದೊಳಗೆ ಹೇಗೆ ಹಿಡಿಸಿತು? ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಅಷ್ಟು ಚಿಕ್ಕದಿರುವುದರಿಂದ. 1/5.8 ಇಂಚಿನ ವರ್ಗದ ಇದರ ಸೆನ್ಸರ್ ಮೂಲೆಯಿಂದ ಮೂಲೆಗೆ ಸುಮಾರು 3 ಮಿ.ಮೀ. ಮಾತ್ರ, ಒಂದು ತೊಗರಿಕಾಳಿನಷ್ಟೂ ಇಲ್ಲ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಇದಕ್ಕಿಂತ ಹಲವು ಪಟ್ಟು ದೊಡ್ಡದು. ಸಿಎಕ್ಸ್405ರ ಒಳಿತು ಕೆಡುಕು ಎರಡಕ್ಕೂ ಬೇರು ಈ ಮೂರು ಮಿಲಿಮೀಟರ್‌ನಲ್ಲೇ ಇದೆ.

ಬಿಸಿಲಿನಲ್ಲಿ, ಕಿಟಕಿಯ ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ಚಿತ್ರ ಸ್ವಚ್ಛ. ಸಂಜೆಯಾಗುತ್ತಿದ್ದಂತೆ ಕಪ್ಪು ಭಾಗಗಳಲ್ಲಿ ಮರಳು ಎರಚಿದ ಹಾಗೆ ಕಾಳು ಕಾಳು ಕಾಣಿಸಿಕೊಳ್ಳುತ್ತದೆ. ಅದನ್ನು ಅಳಿಸಲು ಕ್ಯಾಮೆರಾ ಒಳಗೊಳಗೇ ಚಿತ್ರವನ್ನು ನಯಗೊಳಿಸುತ್ತದೆ, ಆಗ ಕೂದಲು, ಬಟ್ಟೆಯ ನೇಯ್ಗೆ ಎಲ್ಲ ಮೇಣ ಬಳಿದಂತಾಗುತ್ತದೆ. ಝೂಮ್ ಮಾಡಿದಷ್ಟೂ ಇದು ಹೆಚ್ಚು, ಏಕೆಂದರೆ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ವೈಡ್‌ನಲ್ಲಿ ಎಫ್1.8 ಇದ್ದದ್ದು ಪೂರ್ತಿ ಟೆಲಿಗೆ, ಅಂದರೆ ಝೂಮ್‌ನ ತುದಿಗೆ, ಹೋದಾಗ ಎಫ್4 ಆಗುತ್ತದೆ. ಲೆಕ್ಕ ಹಾಕಿದರೆ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಮಂದ ಬೆಳಕಿನ ಸಭಾಂಗಣದಲ್ಲಿ ಕೊನೆಯ ಸಾಲಿನಿಂದ 30 ಪಟ್ಟು ಝೂಮ್ ಮಾಡುವುದಕ್ಕಿಂತ, ಹತ್ತು ಸಾಲು ಮುಂದೆ ಹೋಗಿ ಅರ್ಧ ಝೂಮ್ ಮಾಡಿದ ಚಿತ್ರವೇ ಎಷ್ಟೋ ಚೆನ್ನ. ಮೆನುವಿನಲ್ಲಿರುವ 'ಲೋ ಲಕ್ಸ್' ಒತ್ತಿದರೆ ಚಿತ್ರ ಬೆಳ್ಳಗಾಗುತ್ತದೆ ನಿಜ, ಆದರೆ ಷಟರ್ ನಿಧಾನವಾಗುವುದರಿಂದ (ಒಂದೊಂದು ಫ್ರೇಮ್‌ಗೂ ಹೆಚ್ಚು ಹೊತ್ತು ಬೆಳಕು ಹಿಡಿಯುವುದರಿಂದ) ಕೈ ಬೀಸಿದರೆ ಬಾಲ ಎಳೆದ ಹಾಗೆ ಮಸುಕು. ಭಾಷಣಕ್ಕೆ ಆದೀತು, ನೃತ್ಯಕ್ಕೆ ಬೇಡ.

ವೇದಿಕೆಯ ಕಾರ್ಯಕ್ರಮವನ್ನು ಪೂರ್ತಿ ಆಟೊದಲ್ಲಿ ಬಿಟ್ಟರೆ ಮೂರು ತೊಂದರೆ ಕಟ್ಟಿಟ್ಟದ್ದು: ಹಿಂದಿನ ಕಪ್ಪು ಪರದೆಯನ್ನು ನೋಡಿ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಿ ಮುಖಗಳು ಸುಣ್ಣ ಬಳಿದಂತಾಗುತ್ತವೆ, ಬಣ್ಣದ ದೀಪ ಬದಲಾದಾಗಲೆಲ್ಲ ಚರ್ಮದ ಬಣ್ಣ ಬದಲಾಗುತ್ತದೆ, ದೀಪ ಆರಿ ಹತ್ತುವ ಹೊತ್ತಿಗೆ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಇದನ್ನು ತಪ್ಪಿಸಲು ಕಾರ್ಯಕ್ರಮ ಶುರುವಾಗುವ ಹತ್ತು ನಿಮಿಷ ಮೊದಲೇ ಸಿದ್ಧವಾಗಿರಬೇಕು. ಸೀನ್ ಸೆಲೆಕ್ಷನ್‌ನಲ್ಲಿ 'ಸ್ಪಾಟ್‌ಲೈಟ್' ಆರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಇನ್ನೂ ಗಟ್ಟಿಯಾಗಿ ಹಿಡಿಯಬೇಕೆಂದರೆ ಹೀಗೆ ಮಾಡಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ) ಅನ್ನು 'ಇಂಡೋರ್'ಗೆ ಹಾಕಿ, ಇಲ್ಲವೇ ವೇದಿಕೆಯ ಬಿಳಿ ದೀಪದಲ್ಲಿ ಒಂದು ಬಿಳಿ ಹಾಳೆ ಹಿಡಿಸಿ 'ಒನ್ ಪುಶ್'ನಲ್ಲಿ ನಿಗದಿ ಮಾಡಿ. ಆಮೇಲೆ ಪೂರ್ತಿ ಝೂಮ್ ಮಾಡಿ ಮೈಕ್ ಸ್ಟ್ಯಾಂಡಿನ ಮೇಲೆ ಫೋಕಸ್ ಕೂರಿಸಿ ಮ್ಯಾನುಯಲ್‌ಗೆ ಬದಲಿಸಿ. ಫೋಕಸ್ ಯಾವಾಗಲೂ ಟೆಲಿಯಲ್ಲೇ ಮಾಡಬೇಕು. ವೈಡ್‌ನಲ್ಲಿ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ, ಝೂಮ್ ಮಾಡಿದಾಗಲೇ ತಪ್ಪು ಬಯಲಾಗುವುದು. ಕೊನೆಗೆ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಅನ್ನು, ಮುಖದ ಮೇಲಿನ ಬೆಳಕು ಸುಡದಷ್ಟು ತಗ್ಗಿಸಿ. ಇದೆಲ್ಲ ಪರದೆಯ ಪಕ್ಕದ ಪುಟ್ಟ ಜಾಯ್‌ಸ್ಟಿಕ್ ಒತ್ತಿ ಒತ್ತಿ ಮೆನುವಿನೊಳಗೆ ಮಾಡಬೇಕಾದ ಕೆಲಸ. ರೆಕಾರ್ಡ್ ನಡೆಯುತ್ತಿರುವಾಗ ಆ ಗುಂಡಿ ಮುಟ್ಟಿದರೆ ಚಿತ್ರ ಅಲುಗುತ್ತದೆ.

ಅಲುಗಾಟದ ಮಾತು ಬಂತು. ಅಲುಗಾಟ ತಗ್ಗಿಸುವ ಸ್ಟೆಡಿಶಾಟ್‌ನಲ್ಲಿ 'ಸ್ಟ್ಯಾಂಡರ್ಡ್', 'ಆಕ್ಟಿವ್' ಎಂಬ ಆಯ್ಕೆಗಳುಂಟು. ನಡೆಯುತ್ತಾ ವೈಡ್‌ನಲ್ಲಿ ತೆಗೆಯಲು ಆಕ್ಟಿವ್ ಒಳ್ಳೆಯದು, ನೋಟದ ಅಗಲ ಕೊಂಚ ಕಡಿಮೆಯಾಗುತ್ತದೆ ಅಷ್ಟೆ. 804 ಮಿ.ಮೀ.ನಲ್ಲಿ ಮಾತ್ರ ಯಾವ ಸ್ಟೆಡಿಶಾಟ್ ಕೂಡ ಕೈಯನ್ನು ಕಾಯುವುದಿಲ್ಲ. ಉಸಿರಾಡಿದರೂ ಚೌಕಟ್ಟು ಏಳುತ್ತದೆ, ಇಳಿಯುತ್ತದೆ. ಟ್ರೈಪಾಡ್ ಬೇಕೇ ಬೇಕು. ಅದರ ಸ್ಕ್ರೂ 5.5 ಮಿ.ಮೀ.ಗಿಂತ ಕಡಿಮೆ ಉದ್ದದ್ದಿರಲಿ, ಉದ್ದವಾದರೆ ತಳಕ್ಕೆ ಪೆಟ್ಟು. ಟ್ರೈಪಾಡ್ ಮೇಲೆ ಕೂರಿಸಿದ ಕೂಡಲೇ ಸ್ಟೆಡಿಶಾಟ್ ಆಫ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸಿ ನಿಲ್ಲಿಸಿದ ಮೇಲೂ ಚಿತ್ರ ಒಂದು ಗಳಿಗೆ ತಾನೇ ಜಾರುತ್ತದೆ. ಇಷ್ಟು ಹಗುರವಾದ ಕ್ಯಾಮೆರಾಕ್ಕೆ ಗಾಳಿಯೂ ಶತ್ರು. ಬಯಲಿನಲ್ಲಿ ಸ್ಟ್ಯಾಂಡಿನ ನಡುಗಂಬಕ್ಕೆ ನೀರಿನ ಬಾಟಲಿ ತುಂಬಿದ ಚೀಲ ನೇತುಹಾಕಿ.

ಹೊತ್ತುಗಟ್ಟಲೆ ಓಡುವುದರಲ್ಲಿ ಇದು ಫೋನನ್ನು ಸಲೀಸಾಗಿ ಸೋಲಿಸುತ್ತದೆ. ಬಿಸಿಯಾಗಿ ನಿಲ್ಲುವುದಿಲ್ಲ, ಕರೆ ಬಂದು ಕಡಿಯುವುದಿಲ್ಲ, ಸ್ಟಿಲ್ ಕ್ಯಾಮೆರಾಗಳಿಗಿದ್ದ ಅರ್ಧ ಗಂಟೆಯ ಮಿತಿಯೂ ಇಲ್ಲ. ತೊಡಕು ಬ್ಯಾಟರಿಯದ್ದು. ಎನ್‌ಪಿ-ಬಿಎಕ್ಸ್1 ಎಂಬ 1240 ಎಂಎಎಚ್‌ನ ಚಿಕ್ಕ ಬ್ಯಾಟರಿ. ಝೂಮ್ ಮಾಡುತ್ತಾ, ನಿಲ್ಲಿಸಿ ಶುರು ಮಾಡುತ್ತಾ ಇದ್ದರೆ ಸುಮಾರು ಒಂದು ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹಳೆಯ ಹ್ಯಾಂಡಿಕ್ಯಾಮ್‌ಗಳ ಹಾಗೆ ಹಿಂದೆ ದಪ್ಪ ಬ್ಯಾಟರಿ ಸಿಕ್ಕಿಸುವ ಹಾಗಿಲ್ಲ. ದಾರಿ ಎರಡು. ಒಂದು, ಇನ್ನೆರಡು ಬ್ಯಾಟರಿ ಮತ್ತು ಬೇರೆಯೇ ಒಂದು ಚಾರ್ಜರ್. ಸೋನಿಯ ಆರ್‌ಎಕ್ಸ್100 ಕ್ಯಾಮೆರಾಗಳಿಗೂ ಇದೇ ಬ್ಯಾಟರಿಯಾದ್ದರಿಂದ ಹುಡುಕಾಟವಿಲ್ಲ. ಎರಡು, ಯುಎಸ್‌ಬಿ ಅಡಾಪ್ಟರ್‌ನಿಂದ ನೇರ ವಿದ್ಯುತ್. ಆಗಲೂ ಒಳಗೆ ಬ್ಯಾಟರಿ ಇರಲೇಬೇಕು, ಮತ್ತು ಕ್ಯಾಮೆರಾ ಓಡುತ್ತಿರುವಾಗ ಅದು ತುಂಬುತ್ತದೆಂದು ನಂಬಬೇಡಿ. ಮೊದಲೇ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ.

ಹಿಡಿಪಟ್ಟಿಯೊಳಗೆ ಮಡಚಿಟ್ಟ ಯುಎಸ್‌ಬಿ ಕೇಬಲ್ ನೋಡಲು ಜಾಣತನದ್ದು. ಕೇಬಲ್ ಮರೆತೆ ಅನ್ನುವ ಮಾತೇ ಇಲ್ಲ. ಆದರೆ ಗೇಣುದ್ದವೂ ಇಲ್ಲದ ಆ ತುಂಡು ಕ್ಯಾಮೆರಾದಿಂದ ಹೊರಬರುವ ಬುಡದಲ್ಲಿ ಪ್ರತಿ ಸಲ ಬಾಗುತ್ತದೆ. ಅಡಾಪ್ಟರ್‌ಗೆ ಸಿಕ್ಕಿಸಿ ಕ್ಯಾಮೆರಾವನ್ನು ಗೋಡೆಯಿಂದ ಜೋತುಬಿಟ್ಟರೆ ಒಳಗಿನ ತಂತಿ ಸವೆಯುತ್ತದೆ. ಜೊತೆಗೆ ಕೊಡುವ ಉದ್ದದ ಜೋಡು ಕೇಬಲ್ ಬಳಸಿ. ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ, ಫೈಲ್‌ಗಳನ್ನು ಕಾರ್ಡ್ ರೀಡರ್‌ನಲ್ಲಿ ನೋಡಿಕೊಂಡರೆ ಆ ಕೇಬಲ್ ವರ್ಷಗಟ್ಟಲೆ ಬಾಳುತ್ತದೆ.

ರೆಕಾರ್ಡಿಂಗ್ ಫಾರ್ಮ್ಯಾಟ್ ಆಯ್ಕೆಯಲ್ಲಿ ಹೊಸಬರು ಎಡವುವುದು ಹೆಚ್ಚು. ಎಕ್ಸ್‌ಎವಿಸಿ-ಎಸ್, ಎವಿಸಿಎಚ್‌ಡಿ ಎಂಬ ಎರಡು ಬಗೆಯಲ್ಲಿ ವಿಡಿಯೊ ಉಳಿಸಬಹುದು. ಎಕ್ಸ್‌ಎವಿಸಿ-ಎಸ್ ಅಂದರೆ ಸೆಕೆಂಡಿಗೆ 50 ಮೆಗಾಬಿಟ್, ಗಂಟೆಗೆ 22.5 ಜಿಬಿ, 64 ಜಿಬಿ ಕಾರ್ಡ್‌ನಲ್ಲಿ ಎರಡೂವರೆ ಗಂಟೆ ಚಿಲ್ಲರೆ. ಇದಕ್ಕೆ ಕ್ಲಾಸ್ 10 ಮೈಕ್ರೊ ಎಸ್‌ಡಿಎಕ್ಸ್‌ಸಿ ಕಾರ್ಡ್ ಹಾಕಿ, ಅಂದರೆ 64 ಜಿಬಿ ಅಥವಾ ಅದಕ್ಕಿಂತ ದೊಡ್ಡದು. ಎವಿಸಿಎಚ್‌ಡಿಯಲ್ಲಿ 'ಪಿಎಸ್' ಗುಣಮಟ್ಟಕ್ಕೆ 28 ಮೆಗಾಬಿಟ್, ಗಂಟೆಗೆ 12.6 ಜಿಬಿ. ಅದಕ್ಕಿಂತ ಕೆಳಗಿನ ಎಫ್‌ಎಕ್ಸ್, ಎಫ್‌ಎಚ್‌ಗಳು ಸಾಮಾನ್ಯವಾಗಿ ಇಂಟರ್‌ಲೇಸ್ಡ್ (ಚಿತ್ರವನ್ನು ಗೆರೆ ಬಿಟ್ಟು ಗೆರೆಯಾಗಿ ಎರಡು ಸಲಕ್ಕೆ ಹಿಡಿಯುವ ಬಗೆ): ಟಿವಿಯಲ್ಲಿ ಸರಿಯಾಗಿ ಕಂಡರೂ ಕಂಪ್ಯೂಟರ್‌ನಲ್ಲಿ ಓಡುವವರ ಕಾಲಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತವೆ. ಎಡಿಟ್ ಮಾಡುವ ಉದ್ದೇಶವಿದ್ದರೆ ಎಕ್ಸ್‌ಎವಿಸಿ-ಎಸ್, ಜಾಗ ಉಳಿಸಬೇಕಿದ್ದರೆ ಪಿಎಸ್. ಮೂರನೆಯದರ ಯೋಚನೆ ಬೇಡ.

ಎವಿಸಿಎಚ್‌ಡಿ ರೆಕಾರ್ಡಿಂಗ್ 2 ಜಿಬಿ ದಾಟಿದಾಗ ಕ್ಯಾಮೆರಾ ಫೈಲನ್ನು ತುಂಡು ಮಾಡಿ ಮುಂದುವರಿಯುತ್ತದೆ. ರೆಕಾರ್ಡಿಂಗ್ ಕಡಿದಿರುವುದಿಲ್ಲ, ಆದರೆ 'ಸ್ಟ್ರೀಮ್' ಫೋಲ್ಡರ್‌ನಿಂದ ಎಂಟಿಎಸ್ (ಎವಿಸಿಎಚ್‌ಡಿ ವಿಡಿಯೊ) ಫೈಲ್‌ಗಳನ್ನು ಒಂದೊಂದಾಗಿ ಎಳೆದು ಎಡಿಟರ್‌ನಲ್ಲಿ ಸಾಲಾಗಿಟ್ಟರೆ ಬೆಸುಗೆಯಲ್ಲಿ ಧ್ವನಿ 'ಟಕ್' ಅನ್ನುವುದುಂಟು. ಹಾಡು ನಡೆಯುತ್ತಿದ್ದರೆ ಅದು ಎದ್ದು ಕೇಳುತ್ತದೆ. ಸೋನಿಯ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡರೆ, ಅಥವಾ ಫೋಲ್ಡರ್ ರಚನೆಯನ್ನು ಹಾಗೆಯೇ ನಕಲಿಸಿ ಎವಿಸಿಎಚ್‌ಡಿ ಅರ್ಥವಾಗುವ ಎಡಿಟರ್‌ಗೆ ಕೊಟ್ಟರೆ ತುಂಡುಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಕಾರ್ಡ್‌ನಿಂದ ಕಂಪ್ಯೂಟರ್ ಮೂಲಕ ಫೈಲ್ ಅಳಿಸುವ ಅಭ್ಯಾಸ ಮಾತ್ರ ಬೇಡ. ಯಾವ ವಿಡಿಯೊ ಎಲ್ಲಿದೆ ಎಂಬ ಪಟ್ಟಿಯನ್ನು ಕ್ಯಾಮೆರಾ ತನ್ನದೇ ಡೇಟಾಬೇಸ್‌ನಲ್ಲಿ ಇಟ್ಟುಕೊಂಡಿರುತ್ತದೆ. ಫೈಲ್ ಮಾಯವಾದರೆ ಪಟ್ಟಿಗೂ ಕಾರ್ಡಿಗೂ ತಾಳೆಯಾಗದೆ, ದುರಸ್ತಿ ಮಾಡಲೇ ಎಂದು ಕೇಳುತ್ತದೆ. ಅದೂ ಸರಿಯಾಗಿ ರೆಕಾರ್ಡ್ ಒತ್ತುವ ಹೊತ್ತಿಗೇ! ನಕಲಿಸಿ, ಒಂದೆರಡು ಕಡೆ ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಧ್ವನಿಯ ವಿಷಯದಲ್ಲಿ ಸಮಾಧಾನ ಹೇಳುವಂಥದ್ದು ಏನೂ ಇಲ್ಲ. ಹೊರಗಿನ ಮೈಕ್‌ಗೆ ಜಾಕ್ ಇಲ್ಲ, ಹೆಡ್‌ಫೋನ್‌ಗೂ ಇಲ್ಲ. ಮೂವತ್ತು ಮೀಟರ್ ಆಚೆಯ ಮುಖ ಹತ್ತಿರ ಬರುತ್ತದೆ, ಮಾತು ಮಾತ್ರ ಮೂವತ್ತು ಮೀಟರ್ ಆಚೆಯೇ ಉಳಿಯುತ್ತದೆ. ನಡುವೆ ಪಕ್ಕದವರ ಕೆಮ್ಮು. ಧ್ವನಿ ಮುಖ್ಯವಾದರೆ ಮಾತಾಡುವವರ ಹತ್ತಿರ ಬೇರೊಂದು ರೆಕಾರ್ಡರ್ ಅಥವಾ ಫೋನ್ ಇಟ್ಟು, ಎರಡೂ ಓಡುತ್ತಿರುವಾಗ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯ ಮೊನೆಗೆ ಮೊನೆ ಹೊಂದಿಸಿದರಾಯಿತು. ಕೊನೆಯಲ್ಲೂ ಇನ್ನೊಂದು ಚಪ್ಪಾಳೆ ಇರಲಿ. ಎರಡು ಯಂತ್ರಗಳ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಾದರೂ ಒಂದು ಗಂಟೆಗೆ 72 ಮಿಲಿಸೆಕೆಂಡ್ ಆಗುತ್ತದೆ, ಅಷ್ಟಕ್ಕೇ ತುಟಿಗೂ ಮಾತಿಗೂ ತಾಳ ತಪ್ಪಿದಂತೆ ಕಾಣತೊಡಗುತ್ತದೆ.

ಪರದೆ 2.7 ಇಂಚು, 2,30,400 ಚುಕ್ಕಿ. ಚೌಕಟ್ಟು ನೋಡಲು ಸಾಕು, ಫೋಕಸ್ ತೀರ್ಮಾನಿಸಲು ಸಾಲದು. ವ್ಯೂಫೈಂಡರ್ ಇಲ್ಲದ್ದರಿಂದ ನಡುಹಗಲ ಬಿಸಿಲಿನಲ್ಲಿ ಅಂದಾಜೇ ಗತಿ. ಫೋಟೊ 9.2 ಮೆಗಾಪಿಕ್ಸೆಲ್ ಅನ್ನುವುದು ಸುಮಾರು 23 ಲಕ್ಷ ಪಿಕ್ಸೆಲ್ ಅನ್ನು ಉಬ್ಬಿಸಿದ್ದು, ಆ ಗುಂಡಿ ಮರೆತುಬಿಡಿ.

ಬೇರೆ ದೇಶದಿಂದ ತರಿಸುವವರು ಒಂದು ಗಮನಿಸಬೇಕು. ಇದರಲ್ಲಿ ಸೆಕೆಂಡಿಗೆ 50 ಫ್ರೇಮ್‌ನ ಮಾದರಿ, 60 ಫ್ರೇಮ್‌ನ ಮಾದರಿ ಬೇರೆ ಬೇರೆ. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಅಲ್ಲಿ 60 ಫ್ರೇಮ್‌ನ ಕ್ಯಾಮೆರಾ ಹಿಡಿದರೆ ಚಿತ್ರದಲ್ಲಿ ಬೆಳಕು ಏರಿಳಿಯುತ್ತದೆ. ಷಟರ್ ವೇಗವನ್ನು ಕೈಯಿಂದ ನಿಗದಿ ಮಾಡುವ ಸೌಲಭ್ಯ ಇಲ್ಲದ್ದರಿಂದ ಅದಕ್ಕೆ ಮದ್ದಿಲ್ಲ.

ಇದೇ ಜಾತಿಯಲ್ಲಿ ಪ್ಯಾನಸೋನಿಕ್ ಎಚ್‌ಸಿ-ವಿ180ಕ್ಕೆ 50 ಪಟ್ಟು ಝೂಮ್ ಇದೆ, ಮೈಕ್ ಜಾಕ್ ಇಲ್ಲ. ಕ್ಯಾನನ್ ಎಚ್‌ಎಫ್ ಆರ್800ರಲ್ಲಿ 32 ಪಟ್ಟು ಝೂಮ್, ಮೈಕ್ ಮತ್ತು ಹೆಡ್‌ಫೋನ್ ಜಾಕ್ ಎರಡೂ ಉಂಟು, ಆದರೆ ವೈಡ್‌ನಲ್ಲಿ ಇದರಷ್ಟು ಅಗಲವಿಲ್ಲ. ಉಪನ್ಯಾಸ, ಸಂಗೀತ ರೆಕಾರ್ಡ್ ಮಾಡುವವರು ಆರ್800 ಕಡೆಗೆ ಹೋಗುವುದೇ ಸರಿ. ಚಿಕ್ಕ ಕೋಣೆಯಿಂದ ಮೈದಾನದವರೆಗೆ ಒಂದೇ ಕ್ಯಾಮೆರಾ ಸಾಕೆನ್ನುವವರಿಗೆ ಸಿಎಕ್ಸ್405.

ಬಳಸಿದ್ದನ್ನು ಕೊಳ್ಳುವುದಾದರೆ ಮೊದಲು ಆ ಯುಎಸ್‌ಬಿ ಕೇಬಲ್‌ನ ಬುಡ ಹಿಂದೆ ಮುಂದೆ ಬಗ್ಗಿಸುತ್ತಾ ಚಾರ್ಜಿಂಗ್ ದೀಪ ಆರಿ ಹತ್ತುತ್ತದೆಯೇ ನೋಡಿ. ಲೆನ್ಸ್ ಮುಚ್ಚಳವನ್ನು ಲಿವರ್‌ನಿಂದ ಹತ್ತು ಸಲ ತೆರೆದು ಮುಚ್ಚಿ, ಧೂಳು ಸೇರಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಮುಚ್ಚಳ ಮುಚ್ಚಿಯೇ ಒಂದು ನಿಮಿಷ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿದರೆ ಕೆಟ್ಟು ಸದಾ ಉರಿಯುವ ಪಿಕ್ಸೆಲ್‌ಗಳು ಕಪ್ಪಿನ ನಡುವೆ ನಕ್ಷತ್ರದಂತೆ ಹೊಳೆಯುತ್ತವೆ. ತೆರೆದ ಕೂಡಲೇ ದಿನಾಂಕ ಕೇಳಿದರೆ ಗಾಬರಿ ಬೇಡ. ಮೂರು ತಿಂಗಳು ಮುಟ್ಟದೆ ಇಟ್ಟರೆ ಗಡಿಯಾರದ ಒಳಬ್ಯಾಟರಿ ಖಾಲಿಯಾಗುತ್ತದೆ. ಕ್ಯಾಮೆರಾ ಆಫ್ ಮಾಡಿ ಒಂದು ದಿನ ಚಾರ್ಜಿಂಗ್‌ಗೆ ಹಾಕಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ.