ಕೆಜಿಎಫ್ ಬಂಗಲೆಯ 'ದೊರೆಸಾನಿ ಗೊಂಬೆ' ಅಂತ ಯಾರಾದರೂ ಮಾರಲು ಬಂದರೆ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯವರು ಇದನ್ನೊಮ್ಮೆ ಓದಿ. ದಸರಾ ಹತ್ತಿರ ಬಂತು ಅಂದರೆ ಹಳೇ ಪಿಂಗಾಣಿ ಗೊಂಬೆ ಮಾರುವವರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಾಜರ್. ಅಂಥ ಒಬ್ಬನಿಗೆ ನಮ್ಮ ಮನೆಯಿಂದ 28 ಸಾವಿರ ಹೋಯಿತು. ಆ ಗೊಂಬೆಗೆ ಎರಡು ಸಾವಿರ ಕೊಟ್ಟಿದ್ದರೂ ಜಾಸ್ತಿಯೇ.

ನಮ್ಮತ್ತೆ ಪ್ರತಿ ವರ್ಷ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ, ಚನ್ನಪಟ್ಟಣದ್ದು, ದಿನಸಿ ಅಂಗಡಿ ಇಟ್ಟುಕೊಂಡ ಶೆಟ್ಟರ ಗೊಂಬೆ ಎಲ್ಲ ಇವೆ. ಹೊಸ ಥರದ್ದೊಂದು ಕೊಡಿಸೋಣ ಅಂತ ಹುಡುಕುವಾಗ ಇವನು ಸಿಕ್ಕ. "ಅಕ್ಕಾ, ಚಾಂಪಿಯನ್ ರೀಫ್ ಕಡೆ ಬಂಗಲೆ ಖಾಲಿ ಮಾಡುವಾಗ ಸಿಕ್ಕಿದ್ದು. ಇಂಗ್ಲಿಷ್ ದೊರೆಸಾನಿ ಮಗಳದ್ದು. ಫ್ರಾನ್ಸ್ ಗೊಂಬೆ, ನೂರಿಪ್ಪತ್ತು ವರ್ಷ ಹಳೇದು. ಬೆಂಗಳೂರಲ್ಲಾದ್ರೆ ಎರಡು ಲಕ್ಷಕ್ಕೆ ಹೋಗುತ್ತೆ." ಜೊತೆಗೆ ಚಿನ್ನದ ಬಣ್ಣದ ಅಂಚಿರುವ ಸರ್ಟಿಫಿಕೇಟ್ ಬೇರೆ.

ನಮ್ಮ ಕಡೆ ಈ ಕಥೆ ಯಾಕೆ ಓಡುತ್ತದೆ ಅಂದರೆ, ಅದರಲ್ಲಿ ಅರ್ಧ ನಿಜ. 1880ರಲ್ಲಿ ಜಾನ್ ಟೇಲರ್ ಅನ್ನುವ ಬ್ರಿಟಿಷ್ ಗಣಿ ಕಂಪನಿ ಕೆಜಿಎಫ್‌ಗೆ ಕಾಲಿಟ್ಟ ಮೇಲೆ ದೊರೆಗಳು ಸಂಸಾರ ಸಮೇತ ಗಣಿಯಲ್ಲಿದ್ದರು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇತ್ತು. 1902ಕ್ಕೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು. ಅಂಥ ಮನೆಗಳಲ್ಲಿ ವಿಲಾಯಿತಿ ಗೊಂಬೆ ಇದ್ದಿರಲೂಬಹುದು. ಆದರೆ ಇವನ ಕೈಯಲ್ಲಿರುವುದು ಅಲ್ಲಿಂದಲೇ ಬಂದದ್ದು ಅನ್ನೋದಕ್ಕೆ ಏನಾದರೂ ಗುರುತು ಬೇಕಲ್ವಾ?

ಬಣ್ಣ ಬಯಲಾದದ್ದು ಧೂಳು ಒರೆಸುವಾಗ. ಕತ್ತಿನ ಹಿಂದೆ ವಿಗ್‌ನ ಅಂಚು ಸ್ವಲ್ಪ ಎದ್ದಿತ್ತು. ಉಗುರಲ್ಲಿ ಎತ್ತಿದರೆ ಹಳದಿ ಗಮ್ ಎಳೆಎಳೆಯಾಗಿ ಬಂತು. ಅದರ ಕೆಳಗೆ, ಪಿಂಗಾಣಿಯಲ್ಲೇ ಕೊರೆದ ಗುರುತು. ಸುತ್ತು ಹಾಕಿದ ಇಂಗ್ಲಿಷಿನ ಸಿ ಅಕ್ಷರ, ಪಕ್ಕದಲ್ಲಿ 1989. ಕಾಪಿರೈಟ್! ಗಣಿಯನ್ನು ಮೈಸೂರು ಸರ್ಕಾರ ವಹಿಸಿಕೊಂಡದ್ದೇ 1956ರಲ್ಲಿ. ಇನ್ನು ಯಾವ ದೊರೆಸಾನಿ, ಯಾವ ಮಗಳು? ಆಮೇಲೆ ಒಂದೊಂದೇ ಹೊರಬಿತ್ತು. ಕೂದಲು ನೈಲಾನ್. ಮೈ ಬಟ್ಟೆಯದ್ದು, ಒಳಗೆ ದಿಂಬಿಗೆ ತುಂಬುವ ಸಿಂಥೆಟಿಕ್ ಹತ್ತಿ. ಗೌನಿನ ಬೆನ್ನಿಗೆ ವೆಲ್ಕ್ರೋ. (ಬಟ್ಟೆಯನ್ನು ಯಾರು ಬೇಕಾದರೂ ಆಮೇಲೆ ಬದಲಾಯಿಸಿರಬಹುದು. ಬರೀ ವೆಲ್ಕ್ರೋ ನೋಡಿ ತೀರ್ಮಾನ ಮಾಡಬೇಡಿ.)

ಸರ್ಟಿಫಿಕೇಟ್ ಅಂದೆನಲ್ಲ, ಅದೇ ದೊಡ್ಡ ಸುಳಿವು. ನೂರು ವರ್ಷದ ಹಿಂದೆ ಮಕ್ಕಳಾಟದ ಗೊಂಬೆಗೆ ಯಾರು ನಂಬರ್ ಹಾಕಿ ಸರ್ಟಿಫಿಕೇಟ್ ಕೊಡುತ್ತಿದ್ದರು? 1980, 90ರ ದಶಕದಲ್ಲಿ ಶೋಕೇಸಿನಲ್ಲಿಡಲು ಅಂತಲೇ ರಾಶಿ ರಾಶಿ ಪಿಂಗಾಣಿ ಗೊಂಬೆ ಮಾಡಿ ಮಾರಿದರು. ಈ ಕಾಗದ ಅವುಗಳ ಜೊತೆ ಬರುತ್ತಿದ್ದದ್ದು. ಈಗ ಅಮೆರಿಕದಲ್ಲೇ ಅಂಥವು ಹತ್ತಿಪ್ಪತ್ತು ಡಾಲರಿಗೆ ಸಿಗುತ್ತವೆ.

ನಿಜವಾದ ಹಳೇ ಗೊಂಬೆಗಳಲ್ಲಿ ಬಹುಪಾಲು ಜರ್ಮನಿಯ ಥುರಿಂಗಿಯಾ ಕಡೆಯವು. ಮುಖ ಬಿಸ್ಕ್, ಅಂದರೆ ಮೆರುಗು ಕೊಡದ ಪಿಂಗಾಣಿ. ನಮ್ಮ ಟೀ ಕಪ್ಪಿನ ಹಾಗೆ ಹೊಳೆಯುವುದಿಲ್ಲ. ಮೈ ಮರದ ಪುಡಿ, ಅಂಟು ಕಲಸಿ ಮಾಡಿದ್ದು, ಇಲ್ಲವೇ ಮೇಕೆ ಚರ್ಮದ್ದು. ತಯಾರಕರ ಗುರುತು ಸಾಮಾನ್ಯವಾಗಿ ತಲೆಯ ಹಿಂಭಾಗದಲ್ಲಿ, ವಿಗ್ ಕೆಳಗೆ. 'ಜರ್ಮನಿ' ಅಂತ ಇದ್ದರೆ ಸಾಧಾರಣವಾಗಿ 1891ರ ನಂತರದ್ದು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಆಗ ಕಾನೂನು ಮಾಡಿತ್ತು.

ಹಳೇದು ಅಂದ ಮಾತ್ರಕ್ಕೆ ಲಕ್ಷ ಅಲ್ಲ. ಆರ್ಮಾಂಡ್ ಮಾರ್ಸಾಯ್ ಅನ್ನುವ ಜರ್ಮನ್ ತಯಾರಕರ 390 ನಂಬರಿನ ಅಚ್ಚಿನ ಗೊಂಬೆಗಳು ಈಗಲೂ ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಅಷ್ಟಕ್ಕಷ್ಟೇ. ಲಕ್ಷಗಟ್ಟಲೆ ಹೋಗುವುದು ಫ್ರಾನ್ಸಿನ ಬ್ರು, ಜುಮೋ ಥರದ ತಯಾರಕರವು. ಅವುಗಳ ನಕಲೂ ಬಂದಿವೆ, ಗುರುತಿನ ಸಮೇತ. ಹೆಸರು ಕಂಡ ತಕ್ಷಣ ದುಡ್ಡು ಬಿಚ್ಚಬೇಡಿ. ಕತ್ತಲೆ ಕೋಣೆಯಲ್ಲಿ ತಲೆಯೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಂಥ ಬಿರುಕಿದ್ದರೂ ಕಪ್ಪು ಗೆರೆಯಾಗಿ ಕಾಣುತ್ತದೆ, ಆಗ ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಬೆಲೆ ಹುಡುಕುವಾಗ ಮಾರುವವರು ಹೇಳಿದ ರೇಟು ಬಿಡಿ, ಎಷ್ಟಕ್ಕೆ ಮಾರಾಟ ಆಯಿತು ಅನ್ನೋದನ್ನು ನೋಡಿ. ಎರಡಕ್ಕೂ ಅಜಗಜಾಂತರ.

ಫೋನ್ ಮಾಡಿದರೆ "ಅಕ್ಕಾ, 1989 ಅಂದ್ರೆ ಮಾಡೆಲ್ ನಂಬರ್" ಅಂದ! ಆಮೇಲೆ ಬ್ಲಾಕ್. ಬಿಲ್ ಕೊಟ್ಟಿರಲಿಲ್ಲ, ದುಡ್ಡು ಪೂರ್ತಿ ಫೋನ್‌ಪೇಯಲ್ಲಿ ಹಾಕಿಸಿಕೊಂಡಿದ್ದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇವೆ. ದುಡ್ಡು ಹೋದ ಕೂಡಲೇ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ, ನಮಗೆ ಗೊತ್ತಾಗುವ ಹೊತ್ತಿಗೆ ವಾರಗಳೇ ಕಳೆದಿದ್ದವು.

ಮೊನ್ನೆ ಇನ್ನೊಂದು ಗ್ರೂಪಿನಲ್ಲಿ ಬೇರೆ ನಂಬರಿನಿಂದ ಅದೇ ಬಂಗಲೆ, ಅದೇ ಮಗಳು ಬಂದಿದ್ದಾರೆ. ಈ ಸಲ ನೀಲಿ ಗೌನ್, ಹುಲ್ಲಿನ ಟೋಪಿ, 35 ಸಾವಿರ. ನಿಮಗೂ ಆ ಫೋಟೋ ಬಂದರೆ, ವಿಗ್ ಎತ್ತಿ ಕತ್ತಿನ ಹಿಂದಿನ ಫೋಟೋ ಕಳಿಸು ಅಂತ ಕೇಳಿ. ನಮ್ಮ ನಾದಿನಿ ಕೇಳಿದ್ದಕ್ಕೆ "ಬುಕ್ ಆಯ್ತು ಮೇಡಂ" ಅಂದುಬಿಟ್ಟ. ಪೋಸ್ಟ್ ಮಾತ್ರ ಇನ್ನೂ ಹಾಗೇ ಇದೆ.