ಸಂಡೆ ಬಜಾರಿನ ಹಳೆ ಬಟ್ಟೆ ರಾಶಿ: ಮೊದಲು ಒಳಮೈ ತಿರುವಿ ನೋಡಿ

ಬೆಂಗಳೂರಿನ ಚಿಕ್ಕಪೇಟೆ ಸಂಡೆ ಬಜಾರಿಗೆ ಹಳೆ ಗ್ರಾಮಫೋನು, ಡ್ರಿಲ್ಲಿಂಗ್ ಮಷೀನು, ಡಂಬೆಲ್ಲು ಹುಡುಕಿಕೊಂಡು ಹೋಗುವವರೇ ಹೆಚ್ಚು. ಬಟ್ಟೆ ರಾಶಿಯನ್ನು ದಾಟಿಕೊಂಡೇ ಹೋಗುತ್ತಾರೆ. ಹೊಲಿಗೆ ಬಲ್ಲವರು, ಅಥವಾ ಮನೆ ಹತ್ತಿರ ಹೇಳಿದ ಮಾತು ಕೇಳುವ ದರ್ಜಿ ಇರುವವರು, ನಿಲ್ಲಬೇಕಾದದ್ದು ಅಲ್ಲೇ. ಅಲ್ಲಿ ಸಿಗುವುದನ್ನು ಅಂಗಿ, ಕೋಟು ಅಂತ ನೋಡಬೇಡಿ. ಯಾರೋ ಅರ್ಧ ಹೊಲಿದಿಟ್ಟ ಬಟ್ಟೆ ಅಂತ ನೋಡಿ. ಆಗ ಬೆಲೆಯೂ ತಿಳಿಯುತ್ತದೆ, ದೋಷವೂ ಕಾಣುತ್ತದೆ.

ಅಂಕ ಮೊದಲೇ ಕೊಟ್ಟುಬಿಡೋಣ. ಗಂಡಸರ ಕೋಟು, ಸಫಾರಿ, ಪ್ಯಾಂಟಿಗೆ ಹತ್ತಕ್ಕೆ ಎಂಟು. ಅಂಗಿಗೆ ಆರು. ಜೀನ್ಸಿಗೆ ಐದು. ಹೆಂಗಸರ ಬಟ್ಟೆಗೆ ಮೂರು. ರೇಷ್ಮೆ ಸೀರೆಗೆ ಸೊನ್ನೆ. ಸೊನ್ನೆ ಯಾಕೆಂದರೆ ಅಸಲಿ ಜರಿಯ ಹಳೆ ಸೀರೆ ರಸ್ತೆಗೆ ಬರುವ ಮೊದಲೇ ಬೆಳ್ಳಿಗಾಗಿ ಜರಿ ಕೊಳ್ಳುವವರ ಕೈ ಸೇರಿರುತ್ತದೆ. ರಾಶಿಯಲ್ಲಿ ಹೊಳೆಯುವ ಸೀರೆ ಕಂಡರೆ ಜರಿಯ ಎಳೆಯೊಂದನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ ಪ್ಲಾಸ್ಟಿಕ್ಕಿನಂಥ ನೂಲು ಕಂಡರೆ ಅದು ನಕಲಿ. ಲಂಗಕ್ಕೋ ಕುಶನ್ ಕವರಿಗೋ ಆದೀತು, ಅದಕ್ಕೆ ತಕ್ಕ ಬೆಲೆ ಕೊಡಿ.

ಬಜಾರು ಸೇರುವುದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಮತ್ತು ಅದರ ಆಸುಪಾಸಿನಲ್ಲಿ, ಪೇಟೆ ಅಂಗಡಿಗಳ ಬಾಗಿಲು ಹಾಕಿರುವ ಭಾನುವಾರ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಆದರೆ ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಬಜಾರು ಬೆಳಕು ಹರಿಯುವ ಹೊತ್ತಿಗೇ ಹರಡಿಕೊಂಡಿರುತ್ತದೆ. ಒಳ್ಳೆ ಕೋಟು ಬೇಕಿದ್ದವರು ಆಟೊ ಹತ್ತಿಯಾದರೂ ಬೇಗ ಬರಬೇಕು. ಹಾಗಂತ ಕತ್ತಲಲ್ಲಿ ಕೊಳ್ಳಬೇಡಿ. ಟಾರ್ಚಿನ ಬೆಳಕಿಗೆ ಕಂಕುಳ ಕಲೆ ಕಾಣುವುದಿಲ್ಲ, ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು ತೊಡಕು: ಅಂದೇ ಗುಂಡಿ, ಜಿಪ್ಪು, ಲೈನಿಂಗು ಕೊಂಡುಬಿಡೋಣ ಅಂದರೆ ಸುತ್ತಲ ಅಂಗಡಿಗಳ ಶಟರ್ ಎಳೆದಿರುತ್ತದೆ. ಅದಕ್ಕೆ ವಾರದ ದಿನ ಇನ್ನೊಮ್ಮೆ ಬರಬೇಕು.

ಜೊತೆಗೆ ಒಯ್ಯಬೇಕಾದದ್ದು ಟೇಪು, ನಿಮಗೆ ಸರಿಯಾಗಿ ಕೂರುವ ಅಂಗಿಯೊಂದರ ಅಳತೆ ಬರೆದ ಚೀಟಿ, ಒದ್ದೆ ಮಾಡಿದ ಬಿಳಿ ಕರ್ಚೀಫು, ಚಿಲ್ಲರೆ ನೋಟು. ಟ್ರಯಲ್ ರೂಮು ಎಂಬುದಿಲ್ಲ. ಅಂಗಿಯನ್ನು ಹರವಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿದರೆ ಎದೆ ಸುತ್ತಳತೆ. ಕಾಲರ್ ಮೇಲಿನ ಸೈಜ್ ನಂಬಬೇಡಿ, ಆ ಅಂಗಿ ಎಷ್ಟು ಸಲ ಒಗೆತ ಕಂಡಿದೆಯೋ. ಎದೆ, ಸೊಂಟ, ಉದ್ದ ಹೆಚ್ಚಿದ್ದರೆ ಚಿಂತೆಯಿಲ್ಲ. ಭುಜ ಒಂದೂವರೆ ಇಂಚಿಗಿಂತ ಹೆಚ್ಚು ದೊಡ್ಡದಿದ್ದರೆ ಬಿಟ್ಟುಬಿಡಿ. ಭುಜ ಚಿಕ್ಕದು ಮಾಡುವುದೆಂದರೆ ತೋಳು ಬಿಚ್ಚಿ, ಕಂಕುಳ ಸುತ್ತನ್ನು ಮತ್ತೆ ಕತ್ತರಿಸಿ, ತೋಳು ಕೂರಿಸಬೇಕು. ಆ ಕೂಲಿಯಲ್ಲಿ ಇನ್ನೊಂದು ಅಂಗಿ ಬರುತ್ತದೆ.

ಬೆಲೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಉದ್ದ ತೋಳಿನ ಅಂಗಿಗೆ ಸುಮಾರು 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಬೇಕು. ಅಂಥದೇ ಬಟ್ಟೆ ಅಷ್ಟು ಹೊಸದಾಗಿ ಕೊಂಡರೆ ಎಷ್ಟಾಗುತ್ತದೋ ಅದರ ಮೂರನೇ ಒಂದು ಭಾಗ ನಿಮ್ಮ ಮಿತಿ. ಬಿಚ್ಚಿ ಹೊಲಿಯುವ ಕೂಲಿ ಮೇಲೆ ಬೀಳುತ್ತದಲ್ಲ. ಚೌಕಾಸಿಯಲ್ಲಿ ಒಂದೊಂದಕ್ಕೇ ಹಗ್ಗಜಗ್ಗಾಟ ಮಾಡುವುದಕ್ಕಿಂತ ಮೂರು ಆರಿಸಿಟ್ಟು "ಅಣ್ಣಾ, ಮೂರೂ ಸೇರಿಸಿ ಒಂದು ರೇಟ್ ಹೇಳಿ" ಅನ್ನುವುದು ಕೆಲಸ ಮಾಡುತ್ತದೆ. ಮಧ್ಯಾಹ್ನವಾದ ಮೇಲೆ ದರ ಇಳಿಯುತ್ತದೆ, ಉಳಿದಿರುವುದೂ ಹಾಗೇ ಇರುತ್ತದೆ.

ಈಗ ಒಳಮೈ. ದರ್ಜಿ ಹೊಲಿದ ಹಳೆ ಪ್ಯಾಂಟನ್ನು ತಿರುವಿ ಹಿಂಬದಿಯ ನಡು ಹೊಲಿಗೆ ನೋಡಿ. ನಮ್ಮ ದರ್ಜಿಗಳು ಮುಂದೆ ಮೈ ಬಂದೀತು ಅಂತ ಅಲ್ಲಿ ಒಂದರಿಂದ ಒಂದೂವರೆ ಇಂಚು ಬಟ್ಟೆ ಬಿಡುತ್ತಿದ್ದರು, ಕಾಲಿನ ಮಡಿಕೆಯಲ್ಲಿ ಎರಡು ಇಂಚು. ಎರಡೂ ಬದಿ ಸೇರಿದರೆ ಸೊಂಟ ಎರಡು ಇಂಚು ಸಲೀಸಾಗಿ ದೊಡ್ಡದಾಗುತ್ತದೆ. ಕಾರ್ಖಾನೆಯ ಸಿದ್ಧ ಉಡುಪಿನಲ್ಲಿ ಅದೇ ಜಾಗದಲ್ಲಿ ಒಂದು ಸೆಂಟಿಮೀಟರ್ ಬಿಟ್ಟು, ಎಳೆ ಬಿಡದಂತೆ ಅಂಚಿಗೆ ಓವರ್‌ಲಾಕ್ ಹೊಡೆದಿರುತ್ತಾರೆ, ಬಿಡಿಸಲು ಏನೂ ಇರುವುದಿಲ್ಲ. ಅದಕ್ಕೇ ಬ್ರ್ಯಾಂಡ್ ಚೀಟಿಗಿಂತ ಯಾವುದೋ ಊರಿನ ಟೈಲರ್ ಚೀಟಿ ಕಂಡರೆ ಹಿಗ್ಗಬೇಕು. ಒಂದು ಎಚ್ಚರ: ಬಿಸಿಲು, ಒಗೆತ ಕಾಣದೆ ಒಳಗುಳಿದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಗಾಢವಾಗಿರುತ್ತದೆ. ಹಳೆ ಹೊಲಿಗೆಯ ತೂತುಗಳೂ ಸಾಲಾಗಿ ಕಾಣುತ್ತವೆ. ಉಣ್ಣೆಯಲ್ಲಿ ಹಬೆ ಕೊಟ್ಟರೆ ತೂತು ಮುಚ್ಚಿಕೊಳ್ಳುತ್ತವೆ. ಪಾಲಿಯೆಸ್ಟರ್ ಬೆರೆತ ಟೆರಿಕಾಟಿನಲ್ಲಿ ಮುಚ್ಚುವುದಿಲ್ಲ. ಮುಚ್ಚಿಡುವ ಬದಲು ಆ ಗೆರೆಯ ಮೇಲೇ ಬೇರೆ ಬಣ್ಣದ ಪಟ್ಟಿ ಓಡಿಸುವುದು ಚೆಂದ.

ಕೋಟಿಗೆ ಇನ್ನೊಂದು ಪರೀಕ್ಷೆ. ಕೆಳಗಿನ ಗುಂಡಿಯ ಹತ್ತಿರ ಹೊರ ಬಟ್ಟೆಯನ್ನೂ ಒಳ ಬಟ್ಟೆಯನ್ನೂ ಎರಡು ಕೈಯಲ್ಲಿ ಚಿವುಟಿ ಬೇರೆ ಮಾಡಿ. ನಡುವೆ ಮೂರನೇ ಪದರವೊಂದು ಸಡಿಲವಾಗಿ ಜಾರುವುದು ಬೆರಳಿಗೆ ತಾಗಿದರೆ ಅದು ಒಳಗೆ ಕ್ಯಾನ್ವಾಸ್ ಬಟ್ಟೆ ಹೊಲಿದು ಕೂರಿಸಿದ ಕೋಟು. ತಾಗದೆ ಹೊರಪದರವೇ ದಪ್ಪಗಿದ್ದರೆ ಒಳಪದರವನ್ನು ಅದಕ್ಕೆ ಅಂಟಿಸಿದ್ದು. ಅಂಟಿಸಿದ ಕೋಟು ನೆನೆದರೆ ಅಂಟು ಅಲ್ಲಲ್ಲಿ ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತವೆ. ಆಮೇಲೆ ಇಸ್ತ್ರಿಯಿಂದ ಸರಿಹೋಗುವುದಿಲ್ಲ. ಕೊಳ್ಳುವಾಗಲೇ ಗುಳ್ಳೆ ಇದ್ದರೆ ಎಷ್ಟೇ ಅಗ್ಗವಾಗಲಿ ಬೇಡ.

ಉಣ್ಣೆಯನ್ನು ಆಕಾಶಕ್ಕೆ ಹಿಡಿದು ನೋಡಿ, ನುಸಿ ತಿಂದ ತೂತು ನಕ್ಷತ್ರದಂತೆ ಕಾಣುತ್ತದೆ. ಕಾಲರಿನ ಅಡಿ, ಜೇಬಿನ ಮೂಲೆಗಳಲ್ಲಿ ಮೊಟ್ಟೆಯ ಪುಡಿ ಇದೆಯೇ ನೋಡಿ. ಬಿನ್ನಿ, ರೇಮಂಡ್, ಡಿಗ್‌ಜಾಮ್ ಎಂದು ಅಂಚಿನಲ್ಲಿ ಗಿರಣಿಯ ಹೆಸರು ಬರೆದ ಸೂಟಿಂಗು ಸಿಕ್ಕಿದರೆ ಎರಡನೇ ಸಲ ನೋಡಲೇಬೇಕು. ಸೊಂಟಪಟ್ಟಿಯ ಒಳಗೆ, ಜೇಬಿನ ಒಳಬಾಯಿಯಲ್ಲಿ ಈ ಅಂಚು ಉಳಿದಿರುವುದುಂಟು. ಹತ್ತಿ ಬಟ್ಟೆಯನ್ನು, ಅದರಲ್ಲೂ ಕಪ್ಪು ಬಣ್ಣದ್ದನ್ನು, ಹೊಲಿಗೆಯ ಪಕ್ಕ ಹಿಡಿದು ಎಳೆಯಿರಿ. ಗಂಧಕ ಆಧಾರಿತ ಕಪ್ಪು ಬಣ್ಣ ವರ್ಷಗಳಲ್ಲಿ ಆಮ್ಲವಾಗಿ ಎಳೆಯನ್ನೇ ತಿನ್ನುತ್ತದೆ. ನೋಡಲು ಗಟ್ಟಿ, ಎಳೆದರೆ ಪಿಸಿಯುತ್ತದೆ. ಒದ್ದೆ ಕರ್ಚೀಫನ್ನು ಒಳಮಡಿಕೆಗೆ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ವಾಸನೆಯಲ್ಲೂ ತರತಮ ಇದೆ. ನುಸಿಗುಳಿಗೆಯ ವಾಸನೆ ನೆರಳಲ್ಲಿ ನಾಲ್ಕು ದಿನ ಗಾಳಿಗೆ ಹಾಕಿದರೆ ಕಮ್ಮಿಯಾಗುತ್ತದೆ, ಮುಗ್ಗಲು ವಾಸನೆ ಒಂದೆರಡು ಒಗೆತಕ್ಕೆ. ಟೆರಿಕಾಟಿನ ಕಂಕುಳಲ್ಲಿ ಕೂತ ಬೆವರಿನ ವಾಸನೆ ಮಾತ್ರ ಬಿಸಿ ತಾಗಿದಾಗಲೆಲ್ಲ ಎದ್ದು ಬರುತ್ತದೆ.

ಜೀನ್ಸಿಗೆ ಐದೇ ಅಂಕ ಯಾಕೆ ಅಂದರೆ ತೊಡೆಸಂದು ಸವೆದದ್ದೇ ಜಾಸ್ತಿ. "ವಿಂಟೇಜ್ ಲೀವೈಸ್" ಅಂತ ಬೆಲೆ ಏರಿಸುವವರೂ ಇದ್ದಾರೆ. ಲೀವೈಸ್ ಹಿಂಜೇಬಿನ ಅಂಚಿನ ಕೆಂಪು ಚೀಟಿಯಲ್ಲಿ ಇಂಗ್ಲಿಷ್ ಹೆಸರಿನ 'ಇ' (E) ಅಕ್ಷರ 1971ರವರೆಗೆ ದೊಡ್ಡದು, ಆಮೇಲೆ ಚಿಕ್ಕದು. ಕಂಪನಿ ಹಳೆ ಮಾದರಿಗಳನ್ನು ಮತ್ತೆ ತಂದಾಗ ದೊಡ್ಡ 'ಇ' ಕೂಡ ಮರಳಿ ಬಂದಿದೆ. ಹಾಗಾಗಿ ಆ ಒಂದು ಗುರುತಿಗೆ ದುಡ್ಡು ಸುರಿಯಬೇಡಿ.

ಮನೆಗೆ ತಂದ ಬಟ್ಟೆಯನ್ನು ಹಾಸಿಗೆಯ ಮೇಲೆ ಸುರಿಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಹೊರಗಿಡಿ. ಹತ್ತಿಯದನ್ನು 60 ಡಿಗ್ರಿ ನೀರಿನಲ್ಲಿ ಒಗೆದರೆ ತಿಗಣೆ, ಅದರ ಮೊಟ್ಟೆ ಎರಡೂ ಸಾಯುತ್ತವೆ. ಉಣ್ಣೆಗೆ ಆ ಬಿಸಿ ಆಗದು, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಒಗೆಯಬಹುದಾದ ಉಣ್ಣೆಗೆ ಅಂಟುವಾಳವೇ ಸಾಕು. ಎಂಟು ಹತ್ತು ಕಾಯಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿ, ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ. ತಿಕ್ಕಬೇಡಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸಿ. ಬಿಳಿ ಅಂಗಿಯ ಕಂಕುಳ ಹಳದಿಗೆ ಬಹುಜನ ಮೊದಲು ಕ್ಲೋರಿನ್ ಬ್ಲೀಚ್ ಹಾಕಿ ಕೆಡಿಸುತ್ತಾರೆ. ಬೆವರು ಮತ್ತು ಡಿಯೋಡರೆಂಟಿನ ಅಲ್ಯೂಮಿನಿಯಂ ಸೇರಿ ಆದ ಕಲೆ ಅದರಿಂದ ಇನ್ನಷ್ಟು ಹಳದಿಯಾಗುತ್ತದೆ. ಅದರ ಬದಲು ಕ್ಲೋರಿನ್ ಇಲ್ಲದ ಬ್ಲೀಚ್ ಆದ ಸೋಡಿಯಂ ಪರ್‌ಕಾರ್ಬೊನೇಟ್ ಎರಡು ಚಮಚವನ್ನು 45 ಡಿಗ್ರಿಯ ನಾಲ್ಕು ಲೀಟರ್ ನೀರಿಗೆ ಹಾಕಿ, ನಾಲ್ಕರಿಂದ ಆರು ಗಂಟೆ ನೆನೆಸಿ. ರೇಷ್ಮೆಗೂ ಉಣ್ಣೆಗೂ ಇದು ವಿಷ.

ಬಟ್ಟೆ ಯಾವುದೆಂದು ಅನುಮಾನವಿದ್ದರೆ ಒಳಹೊಲಿಗೆಯಿಂದ ನಾಲ್ಕು ಎಳೆ ಕಿತ್ತು, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ, ಪುಡಿಯಾಗುವ ಕಪ್ಪು ಉಂಡೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕರಗಿ, ಪುಡಿಯಾಗದ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಇಷ್ಟೆಲ್ಲ ಮಾಡಿ ಏನು ಹೊಲಿಯುವುದು? ಬಜಾರಿನ ಸರಕಿಗೆ ಹೇಳಿ ಮಾಡಿಸಿದ್ದು ಸಫಾರಿ ಅಥವಾ ಕೋಟಿನಿಂದ ತೋಳಿಲ್ಲದ ಮೇಲಂಗಿ. ಲೈನಿಂಗು ಇದ್ದರೆ ಮೊದಲು ಕಂಕುಳ ಸುತ್ತ ಅದನ್ನು ಬಿಚ್ಚಿ, ಆಮೇಲೆ ತೋಳು, ಕೊನೆಗೆ ಭುಜದ ಪ್ಯಾಡು. ಪ್ಯಾಡು ತೆಗೆದೊಡನೆ ಭುಜ ಜೋತು ಬೀಳುತ್ತದೆ, ಹೆದರಬೇಡಿ. ಭುಜದ ತುದಿಯಲ್ಲಿ ಒಂದರಿಂದ ಒಂದೂವರೆ ಇಂಚು ಒಳಗೆ ಗುರುತು ಹಾಕಿ, ಕಂಕುಳ ಅಡಿಗೆ ಬರುವ ಹೊತ್ತಿಗೆ ಸೊನ್ನೆಯಾಗುವಂತೆ ಕತ್ತರಿಸಿ. ಕತ್ತರಿಸಿದ ಕೂಡಲೇ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಒಂದು ಸಾಲು ನೇರ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಕಂಕುಳ ಸುತ್ತು ಹಿಗ್ಗಿ ಬಾಯಿ ತೆರೆದಂತೆ ನಿಲ್ಲುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ನಂತರ ಒಂದೂಕಾಲು ಇಂಚು ಅಗಲದ ಓರೆ ಪಟ್ಟಿಯನ್ನು ಆ ಅಂಚಿಗೆ ಕೂರಿಸಿ. ಪಟ್ಟಿಯನ್ನು ಬಟ್ಟೆಯ ಎಳೆಗೆ 45 ಡಿಗ್ರಿ ಓರೆಯಲ್ಲೇ ಕತ್ತರಿಸಬೇಕು, ನೇರ ಪಟ್ಟಿ ತಿರುವಿನಲ್ಲಿ ಸುಕ್ಕಾಗುತ್ತದೆ.

ಆ ಪಟ್ಟಿ, ಜೇಬಿನ ಮುಚ್ಚಳ, ಕಾಲರಿನ ಅಡಿಭಾಗಕ್ಕೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ಹಾಕಿ ನೋಡಿ. ಕಂದು ಸಫಾರಿಯ ಗುಮಾಸ್ತ ಗಾಂಭೀರ್ಯವೆಲ್ಲ ಒಮ್ಮೆಲೇ ಇಳಿದುಹೋಗುತ್ತದೆ. ಖಣವನ್ನು ಹೊಲಿಯುವ ಮೊದಲೇ ನೀರಿಗೆ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ. ಅದರ ಹತ್ತಿ ಎಳೆ ಒಗೆದಾಗ ಕುಗ್ಗುತ್ತದೆ, ಟೆರಿಕಾಟು ಕುಗ್ಗುವುದಿಲ್ಲ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಜೇಬು ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಟೆರಿಕಾಟಿಗೆ 11 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, 2.5 ಮಿಲಿಮೀಟರ್ ಹೊಲಿಗೆ, ದಾರದ ಬಿಗಿ ಸ್ವಲ್ಪ ಸಡಿಲ. ಇಸ್ತ್ರಿ ಪೆಟ್ಟಿಗೆ ನೇರ ತಾಗಿದರೆ ಹೊಳಪಿನ ಕಲೆ ಬೀಳುತ್ತದೆ, ಮೇಲೆ ಒದ್ದೆ ಬಟ್ಟೆ ಹಾಸಿ. ದಪ್ಪ ಕೋಟಿಗೆ 16 ನಂಬರ್ ಸೂಜಿ.

ನಾಯಿಕಿವಿಯಂಥ ಉದ್ದ ಕಾಲರಿನ ಅಂಗಿಯಲ್ಲಿ ಮಡಿಕೆ ಸವೆದಿದ್ದರೆ ಕಾಲರ್ ತಿರುಗಿಸಿ ಎಂದು ಹಳೆ ದರ್ಜಿಗಳು ಹೇಳುತ್ತಾರೆ. ಕತ್ತಿನ ಪಟ್ಟಿಯಿಂದ ಕಾಲರನ್ನು ಬಿಚ್ಚಿ, ಮಗುಚಿ, ನಡುಗುರುತು ಹೊಂದಿಸಿ, ಕಚ್ಚಾ ಹೊಲಿಗೆ ಹಾಕಿ ಮತ್ತೆ ಕೂರಿಸುವುದು. ಎರಡು ಕಡೆ ಕೈಕೊಡುತ್ತದೆ. ಕಾಲರ್ ಗಡುಸಾಗಿರಲು ಹಾಕುವ ಬಕ್ರಂ ಮೇಲ್ಪದರಕ್ಕೆ ಮಾತ್ರ ಅಂಟಿಸಿದ್ದರೆ ತಿರುಗಿಸಿದ ಕಾಲರಿನ ಮೂಲೆ ಮೇಲಕ್ಕೆ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಕಡ್ಡಿ ತೂರಿಸುವ ಜಾಗ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ. ಅಂಥದರಲ್ಲಿ ಕಾಲರನ್ನೇ ತೆಗೆದು, ಪಟ್ಟಿಯ ಬಾಯಿ ಮುಚ್ಚಿ ಹೊಲಿದು ಚೈನೀಸ್ ಕಾಲರ್ ಮಾಡಿಕೊಳ್ಳುವುದು ಲೇಸು.

ಬಣ್ಣ ಹಾಕುವ ಆಸೆ ಇದ್ದವರಿಗೆ ಒಂದು ಮಾತು. ಟೆರಿಕಾಟಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ. ಹತ್ತಿಯ ಬಣ್ಣ ಆ ಒಂದು ಪಾಲಿಗಷ್ಟೇ ಹಿಡಿಯುತ್ತದೆ. ಡಬ್ಬಿಯ ಮೇಲಿನ ಕಡುಗೆಂಪು ಬಟ್ಟೆಯ ಮೇಲೆ ಇಟ್ಟಿಗೆಪುಡಿ ಬಣ್ಣವಾಗಿ ಕೂರುತ್ತದೆ. ಪೂರ್ತಿ ಹತ್ತಿಯ ಅಂಗಿಯಾದರೆ ಬಣ್ಣ ತುಂಬ ಬರುತ್ತದೆ, ಪಾಲಿಯೆಸ್ಟರ್ ಹೊಲಿಗೆ ದಾರ ಮಾತ್ರ ಹಳೆ ಬಣ್ಣದಲ್ಲೇ ಉಳಿಯುತ್ತದೆ. ಕೆಂಪು ಅಂಗಿಯ ಮೈತುಂಬ ಬಿಳಿ ಹೊಲಿಗೆ ಎದ್ದು ಕಾಣುವುದನ್ನು ಕೆಲವರು ದೋಷ ಅನ್ನುತ್ತಾರೆ. ಬೇಕೆಂದೇ ಮಾಡಿಸಲು ಹೋದರೆ ದುಬಾರಿಯಾಗುವ ಕೆಲಸ ಅದು.

ಗುಂಡಿ ಬದಲಿಸುವಾಗ ಅಂಗಡಿಯಲ್ಲಿ ಲೈನ್ ಲೆಕ್ಕದಲ್ಲಿ ಕೇಳಿ, 40 ಲೈನ್ ಅಂದರೆ ಒಂದು ಇಂಚು. ಅಂಗಿಗೆ 18, ಕೋಟಿನ ಮುಂಭಾಗಕ್ಕೆ 32, ತೋಳಿಗೆ 24. ಕಾಜಾ, ಅಂದರೆ ಗುಂಡಿ ತೂರುವ ಕಿಂಡಿ, ಇರುವಷ್ಟಕ್ಕೇ ಗುಂಡಿ ತರಬೇಕು. ದಪ್ಪ ಗುಂಡಿಗೆ ಅಂತ ಕಾಜಾ ಕೊಯ್ದರೆ ಎಳೆ ಬಿಟ್ಟುಕೊಳ್ಳುತ್ತಾ ಹೋಗುತ್ತದೆ. ಬಜಾರಿನಲ್ಲೇ, ಉಡಲಾಗದಷ್ಟು ಹರಿದ ಕೋಟೊಂದರ ಮೇಲೆ ಕೊಂಬಿನ ಗುಂಡಿಗಳು ಪೂರ್ತಿ ಇದ್ದರೆ ಗುಂಡಿಗಾಗಿಯೇ ಅದನ್ನು ಕೊಳ್ಳಬಹುದು. ಮುಂಭಾಗದವು ಎಲ್ಲ ಇವೆಯೇ, ತೋಳಿನವು ಜೊತೆಗಿವೆಯೇ ಎಣಿಸಿ. ಕೆಲವು ಕೋಟುಗಳ ಒಳಜೇಬಿನ ಪಕ್ಕ ಒಂದು ಗುಂಡಿ ಹೆಚ್ಚುವರಿಯಾಗಿ ಹೊಲಿದಿರುತ್ತಾರೆ, ಅದನ್ನೂ ಬಿಡಬೇಡಿ.